ವೇಷಧಾರಿಯ ಮನೆಯವರು ಟೂರ್ ಹೊರಡುವ ಕ್ರಮ

ಯಕ್ಷಗಾನ ಕಲಾವಿದರ ಮನೆಯಲ್ಲಿ ಮಕ್ಕಳು ಬಹಳ ಬೇಗ ಕಲಿಯುವ ವಾಕ್ಯ ಒಂದಿದೆ: "ಅವತ್ತು ಆಗ್ಲಿಕ್ಕಿಲ್ಲ, ಆಟ ಉಂಟು." ಮದುವೆ, ಮನೆ ಒಕ್ಕಲು, ಟೂರ್, ಎಲ್ಲದಕ್ಕೂ ಅದೇ ಉತ್ತರ. ಆಟ ಅಂದರೆ ಯಕ್ಷಗಾನ ಪ್ರದರ್ಶನ. ನಮ್ಮ ಕಾಸರಗೋಡಿನ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಪೂರ್ತಿ ಮೇಳವನ್ನೇ (ತಿರುಗಾಟದ ವೃತ್ತಿ ತಂಡವನ್ನೇ) ನಂಬಿದ ಕಲಾವಿದರು ಸ್ವಲ್ಪ ಮಂದಿ. ಬೇರೆ ಕೆಲಸದ ಜೊತೆ ಆಟ, ಕೂಟಕ್ಕೆ (ತಾಳಮದ್ದಳೆಗೆ) ಹೋಗುವ ಹವ್ಯಾಸಿಗಳು ಜಾಸ್ತಿ. ನಮ್ಮದು ಹವ್ಯಾಸಿಗಳ ಮನೆ. ನಮ್ಮನೆಯವರು ವೇಷ ಮಾಡುತ್ತಾರೆ, ಮಳೆಗಾಲದಲ್ಲಿ ವೇಷ, ಕುಣಿತ ಇಲ್ಲದೆ ಕೂತು ಕಥೆ ನಡೆಸುವ ತಾಳಮದ್ದಳೆಯಲ್ಲಿ ಅರ್ಥ (ಪಾತ್ರದ ಮಾತು) ಹೇಳುತ್ತಾರೆ, ಆಗಾಗ ಯಾರಾದರೂ ಕರೆದರೆ ನಾಟಕಕ್ಕೂ ಹೋಗುತ್ತಾರೆ. ಗಾಡಿ ಓಡಿಸುವವಳು ನಾನು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಸ್ಟೇರಿಂಗ್ ಹಿಡಿದವಳ ಲೆಕ್ಕಾಚಾರ.

ದಿನ ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹುಡುಕಿದರೆ ದಿನ ಸಿಗುತ್ತದೆ. ಆದರೆ ಆ ದಿನ ಬೆಳಗ್ಗೆ ಕಲಾವಿದನಿಗೆ ನಿದ್ದೆ ಆಗಿರುವುದಿಲ್ಲ. ಕಲಾವಿದರ ಮನೆಯ ಟೂರ್ ಹಾಳಾಗುವುದು ಅಲ್ಲೇ. ಎಲ್ಲಿಗೆ ಹೋಗುವುದು ಅನ್ನುವುದಕ್ಕಿಂತ ಮೊದಲು, ಯಾರು ಎಷ್ಟು ಮಲಗಿದ್ದಾರೆ ಎಂದು ಕೇಳಿ. ಮುಂದಿನ ಎಲ್ಲ ಹೆಜ್ಜೆಯೂ ಆ ಪ್ರಶ್ನೆಯಿಂದಲೇ ಬರುತ್ತದೆ.

ಮೊದಲು ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಡಿ

ಒಂದು ಮೇಳದ ಕ್ಯಾಲೆಂಡರ್, ಇನ್ನೊಂದು ಶಾಲೆಯದ್ದು.

ತೆಂಕುತಿಟ್ಟಿನ (ನಮ್ಮ ಕಡೆಯ ಯಕ್ಷಗಾನ ಶೈಲಿಯ) ಮೇಳಗಳು ದೀಪಾವಳಿ ಕಳೆದು, ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಡುತ್ತವೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಪತ್ತನಾಜೆ ಅಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಹವ್ಯಾಸಿಗಳ ಆಟಕ್ಕೆ ಇಷ್ಟು ಕಟ್ಟುನಿಟ್ಟಿಲ್ಲ. ಆದರೂ ಜಾತ್ರೆ, ವಾರ್ಷಿಕೋತ್ಸವ, ಹರಕೆ ಆಟ ಎಲ್ಲ ಬೀಳುವುದು ಇದೇ ಆರು ತಿಂಗಳಲ್ಲಿ. ಅದರಲ್ಲೂ ಜನವರಿಯಿಂದ ಏಪ್ರಿಲ್‌ವರೆಗೆ ಶನಿವಾರಗಳ ಆಸೆ ಬಿಟ್ಟುಬಿಡಿ.

ಶಾಲೆಯ ಕಥೆ ಬೇರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ನಡೆಯುವುದು ಕೇರಳದ ಲೆಕ್ಕದಲ್ಲಿ. ಓಣಂಗೆ ಹತ್ತು ದಿನ, ಕ್ರಿಸ್‌ಮಸ್‌ಗೆ ಹತ್ತು ದಿನ, ಏಪ್ರಿಲ್-ಮೇ ಬೇಸಗೆ ರಜೆ. ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿರುವ ಭಾವನ ಮಕ್ಕಳಿಗೆ ದಸರಾ ರಜೆ ದೊಡ್ಡದು, ಓಣಂಗೆ ಏನೂ ಇಲ್ಲ. ಎರಡೂ ಮನೆಯವರು ಒಟ್ಟಿಗೆ ಹೊರಡಬೇಕು ಅಂದರೆ ಬೇಸಗೆ ಒಂದೇ ದಾರಿ. ಬೇಸಗೆಯಲ್ಲೋ, ಆಟದ ಮೇಲೆ ಆಟ!

ಈಗ ಎರಡನ್ನೂ ಸೇರಿಸಿ ನೋಡಿ. ಮೂರು ಕಡೆ ಸಂದು ಕಾಣುತ್ತದೆ.

ಪತ್ತನಾಜೆಯಿಂದ ಮೇ 31ರವರೆಗಿನ ವಾರ ಮೊದಲನೆಯದು. ಜೂನ್ ಮೊದಲಿಗೆ ಶಾಲೆ ತೆರೆಯುತ್ತದೆ, ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನವೂ ಜೂನ್ 1. ಅಂದರೆ ಆಟವೂ ಇಲ್ಲದ, ಶಾಲೆಯೂ ಇಲ್ಲದ, ಮಳೆಯೂ ಗಟ್ಟಿ ಹಿಡಿಯದ ಒಂದೇ ಒಂದು ವಾರ. ದೂರದ ಟೂರ್ ಇದ್ದರೆ ಇದನ್ನು ಬಿಡಬೇಡಿ. ಜನವರಿಯಲ್ಲೇ ರೂಮ್ ಬುಕ್ ಮಾಡಿ, ಯಾಕೆಂದರೆ ಕೊಡಗು, ಮೈಸೂರಿಗೆ ಆ ವಾರ ಎಲ್ಲರೂ ಹೊರಟಿರುತ್ತಾರೆ.

ಎರಡನೆಯದು ಓಣಂ ರಜೆ. ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಬರುತ್ತದೆ. ಆಟ ಕಡಿಮೆ, ಆದರೆ ತಾಳಮದ್ದಳೆ ಸಪ್ತಾಹಗಳು ಇರುತ್ತವೆ. ಎಡನೀರು ಮಠದಲ್ಲಿ ಚಾತುರ್ಮಾಸ್ಯದ ದಿನಗಳಲ್ಲಿ ಆಟ, ಕೂಟ ನಡೆಯುವ ರೂಢಿಯೂ ಉಂಟು. ಕೂಟದ ಮರುದಿನ ಮೈಗೆ ಅಷ್ಟು ಆಯಾಸ ಇರುವುದಿಲ್ಲ. ಬಣ್ಣ ಇಲ್ಲ, ಕುಣಿತ ಇಲ್ಲ, ಬಹಳ ಸಲ ಸಂಜೆಗೇ ಮುಗಿಯುತ್ತದೆ.

ಮೂರನೆಯದು ಕ್ರಿಸ್‌ಮಸ್ ರಜೆ. ಇದು ಸಂದು ಅನ್ನುವುದಕ್ಕಿಂತ ಬಿರುಕು. ಎರಡು ಆಟಗಳ ನಡುವೆ ಒಂದೂವರೆ ದಿನ ಸಿಕ್ಕರೆ ಪುಣ್ಯ. ಹತ್ತಿರದ ಊರುಗಳಿಗೆ ಮಾತ್ರ ಇಟ್ಟುಕೊಳ್ಳಿ.

ಆಮೇಲೆ ಆ ದಿನಗಳನ್ನು ಕಟ್ಟಿಹಾಕಿ

ಕ್ಯಾಲೆಂಡರಿನಲ್ಲಿ ಖಾಲಿ ಕಂಡ ದಿನ ಖಾಲಿ ಉಳಿಯುವುದಿಲ್ಲ. ಯಾರೋ ಫೋನ್ ಮಾಡುತ್ತಾರೆ. "ಒಬ್ಬರು ಕೈಕೊಟ್ರು ಮಾರಾಯ್ರೆ, ನೀವೊಂದು ಬಂದು ಬಿಡಿ" ಅನ್ನುತ್ತಾರೆ. ಕಲಾವಿದರಿಗೆ ಈ ಮಾತಿಗೆ ಇಲ್ಲ ಅನ್ನಲು ಬರುವುದಿಲ್ಲ. ಇವತ್ತು ಇಲ್ಲ ಅಂದರೆ ನಾಳೆ ಕರೆಯುವುದಿಲ್ಲವೇನೋ ಎಂಬ ಹೆದರಿಕೆ ಅವರಿಗೆ ಯಾವಾಗಲೂ ಇರುತ್ತದೆ. ಅದು ಸುಳ್ಳು ಹೆದರಿಕೆಯೂ ಅಲ್ಲ.

ಇದಕ್ಕೆ ಉಪಾಯ: ಟೂರಿನ ದಿನವನ್ನೂ ಆಟದ ಹಾಗೆಯೇ ಡೈರಿಯಲ್ಲಿ ಬರೆಯಿಸಿ. "ಮನೆಯವರ ಜೊತೆ ಹೋಗುವುದು" ಎಂದು ಬರೆದರೆ ಅದು ಅಳಿಸಿ ಹೋಗುತ್ತದೆ. ಊರು, ಹೊರಡುವ ಗಂಟೆ, ಮುಂಗಡ ಕೊಟ್ಟ ರೂಮಿನ ಹೆಸರು ಬರೆಯಿರಿ. ಮುಂಗಡ ಕೊಟ್ಟದ್ದಕ್ಕೆ ಒಂದು ತೂಕ ಉಂಟು. ವೀಳ್ಯ ತೆಗೆದುಕೊಂಡ ಆಟವನ್ನು ಬಿಡಲಿಕ್ಕಾಗುವುದಿಲ್ಲ ಎಂದು ಅವರೇ ಹೇಳುತ್ತಾರಲ್ಲ. ಅದೇ ನ್ಯಾಯ ಇದಕ್ಕೂ. ಸಂಘಟಕರಿಗೆ ಹೇಳುವಾಗಲೂ "ನೋಡುವ" ಅನ್ನದೆ, "ಅವತ್ತು ಊರಲ್ಲಿಲ್ಲ, ಇಂಥವರನ್ನು ಕೇಳಿ ನೋಡಿ" ಎಂದು ಬದಲಿ ಕಲಾವಿದರ ಹೆಸರು ಕೊಡಲಿ. ಬದಲಿ ಹೆಸರು ಕೊಟ್ಟವರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ.

ನಾಟಕದ ತಾಲೀಮು ಶುರುವಾದರೆ ಲೆಕ್ಕ ಬೇರೆ. ಕೊನೆಯ ಮೂರು ವಾರ ಎಲ್ಲಿಗೂ ಇಲ್ಲ. ಒಬ್ಬ ನಟನಿಗಾಗಿ ಇಡೀ ತಂಡ ಕಾಯುತ್ತದೆ. ಮೊದಲ ಪ್ರದರ್ಶನ ಕಳೆದ ಮೇಲೆ ಹೋಗಿ.

ಆಟದ ಮರುದಿನದ ಲೆಕ್ಕ

ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ಸಂಜೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮಂಗಳ. ಇಡೀ ರಾತ್ರಿಯ ಆಟವೂ ಅಲ್ಲಲ್ಲಿ ಉಂಟು. ಎರಡಕ್ಕೂ ಲೆಕ್ಕ ಒಂದೇ.

ಆಟ ಮುಗಿದ ಗಂಟೆಗೆ ಎರಡು ಸೇರಿಸಿ. ಅದು ಮಲಗುವ ಹೊತ್ತು. ಚೌಕಿಗೆ (ಬಣ್ಣ ಹಚ್ಚುವ ಜಾಗಕ್ಕೆ) ಬಂದು ಕಿರೀಟ ಇಳಿಸಿ, ಕಟ್ಟು ಬಿಚ್ಚಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದು, ಮುಖ ತೊಳೆದು, ನಾಲ್ಕು ಮಾತಾಡಿ ಮನೆ ಸೇರಲು ಅಷ್ಟು ಬೇಕೇ ಬೇಕು. ಮನೆಗೆ ಬಂದರೂ ತಕ್ಷಣ ನಿದ್ದೆ ಹತ್ತುವುದಿಲ್ಲ, ಚೆಂಡೆ ಕಿವಿಯಲ್ಲಿರುತ್ತದೆ. ಮಲಗುವ ಹೊತ್ತಿಗೆ ಏಳು ಗಂಟೆ ಸೇರಿಸಿ. ಅದು ಏಳುವ ಹೊತ್ತು. ಅದಕ್ಕೆ ಇನ್ನೊಂದು ಗಂಟೆ ಸೇರಿಸಿದರೆ ಗಾಡಿ ಹೊರಡುವ ಹೊತ್ತು. ಹನ್ನೆರಡಕ್ಕೆ ಮುಗಿದ ಆಟ ಅಂದರೆ ಎರಡಕ್ಕೆ ಮಲಗಿ, ಒಂಬತ್ತಕ್ಕೆ ಎದ್ದು, ಹತ್ತಕ್ಕೆ ಹೊರಡುವುದು. "ಬೆಳಗ್ಗೆ ಐದಕ್ಕೆ ಬಿಟ್ರೆ ಬಿಸಿಲೇರುವ ಮೊದಲು ಮಡಿಕೇರಿ" ಅನ್ನುವ ಯೋಚನೆಯೆಲ್ಲ ಬೇರೆ ಮನೆಯವರಿಗೆ ಇರಲಿ. ಬೆಳಗಾಗುವವರೆಗಿನ ಆಟವಾದರೆ ಆ ದಿನ ಟೂರೇ ಬೇಡ.

ವೇಷ ಮಾಡಿದವರ ಕೈಗೆ ಮರುದಿನ ಸ್ಟೇರಿಂಗ್ ಕೊಡಬೇಡಿ. ಈ ವಿಷಯದಲ್ಲಿ ನನ್ನದು ಹಠವೇ ಸರಿ. ಇಪ್ಪತ್ನಾಲ್ಕು ಗಂಟೆ ನಿದ್ದೆ ಇಲ್ಲದವನ ಕೈಕಣ್ಣು, ಕಾನೂನಿನ ಮಿತಿ ದಾಟಿ ಕುಡಿದವನಷ್ಟೇ ಮಂದವಾಗಿರುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದವರು ಹೇಳಿದ್ದಾರೆ. ಕುಡಿದವರನ್ನು ಪೊಲೀಸರು ಹಿಡಿಯುತ್ತಾರೆ, ನಿದ್ದೆಗೆಟ್ಟವರನ್ನು ಯಾರೂ ಹಿಡಿಯುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರೇ ಸೆಕೆಂಡ್ ರೆಪ್ಪೆ ಮುಚ್ಚಿದರೆ ಗಾಡಿ ಸುಮಾರು 67 ಮೀಟರ್ ಕುರುಡಾಗಿ ಓಡಿರುತ್ತದೆ. ಕಲಾವಿದರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. "ನನಗೆ ರಾತ್ರಿ ಎಚ್ಚರ ಇದ್ದು ಅಭ್ಯಾಸ" ಅನ್ನುತ್ತಾರೆ. ರಂಗದ ಮೇಲೆ ಎಚ್ಚರ ಇರುವುದು ಭಾಗವತರ (ಹಾಡುಗಾರರ) ಪದ, ಚೆಂಡೆಯ ಪೆಟ್ಟು, ಎದುರು ಪಾತ್ರದ ಮಾತು ಎಬ್ಬಿಸುತ್ತಾ ಇರುವುದರಿಂದ. ಹೆದ್ದಾರಿಯಲ್ಲಿ ಎಬ್ಬಿಸುವವರು ಯಾರು?

ಕಾಲಿನ ವಿಷಯವೂ ಉಂಟು. ಪುಂಡುವೇಷ (ಎಳೆ ವೀರರ ಪಾತ್ರ) ಮಾಡಿ ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕಿದವರ ಮೊಣಕಾಲು ಮರುದಿನ ಕ್ಲಚ್ ತುಳಿಯಲು ಒಪ್ಪುವುದಿಲ್ಲ. ಬಣ್ಣದ ವೇಷದವರಿಗೆ (ರಾಕ್ಷಸ ಪಾತ್ರದವರಿಗೆ) ಮುಖದ ತೊಂದರೆ. ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ (ಮುಖದ ಮೇಲಿನ ಬಿಳಿ ಚುಕ್ಕೆಗಳು) ಇಟ್ಟು ತೆಗೆದ ಚರ್ಮ ಉರಿಯುತ್ತಿರುತ್ತದೆ, ಕಣ್ಣು ಕೆಂಪಾಗಿರುತ್ತದೆ. ಅಂಥ ಕಣ್ಣಿಗೆ ಎದುರು ಬಿಸಿಲು ಬಿದ್ದರೆ ದಾರಿ ಸರಿಯಾಗಿ ಕಾಣುವುದಿಲ್ಲ. ಆ ದಿನ ಮುಖಕ್ಕೆ ಸನ್‌ಸ್ಕ್ರೀನ್ ಕೂಡ ಬೇಡ. ಟೋಪಿ ಸಾಕು.

ಆಟ ನೋಡಲು ಮನೆಯವರೆಲ್ಲ ಹೋಗಿದ್ದರೆ? ಆಗ ನಿದ್ದೆಗೆಟ್ಟವರು ಒಬ್ಬರಲ್ಲ, ಎಲ್ಲರೂ. ಓಡಿಸುವವರು ಹಿಂದಿನ ರಾತ್ರಿ ಆಟ ನೋಡಬಾರದು ಎಂಬುದು ನಮ್ಮನೆಯ ಕ್ರಮ. ನನಗಿದು ಬೇಸರದ ಕ್ರಮವೇ. ಒಳ್ಳೆಯ ಭಾಗವತಿಕೆ ಇದ್ದ ಎಷ್ಟೋ ಆಟ ಹೀಗೇ ತಪ್ಪಿಹೋಗಿದೆ. ಓಡಿಸುವವರು ಬೇರೆ ಯಾರೂ ಇಲ್ಲವಾದರೆ ದಿನದ ಲೆಕ್ಕದಲ್ಲಿ ಡ್ರೈವರ್ ಒಬ್ಬರನ್ನು ಕರೆದುಕೊಳ್ಳಿ. ಆ ದುಡ್ಡು ದಂಡ ಅನಿಸಬಾರದು.

ಗಾಡಿಯಲ್ಲಿ ಮಲಗುತ್ತೇನೆ ಅನ್ನುವವರಿಗೆ ಒಂದು ಮಾತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಉದ್ದಕ್ಕೆ ಮಲಗುವುದು ಬೇಡವೇ ಬೇಡ. ಸೀಟು ಸ್ವಲ್ಪ ಹಿಂದೆ ಮಾಡಿ, ಬೆಲ್ಟ್ ಹಾಕಿ, ಕುತ್ತಿಗೆಗೆ ದಿಂಬು ಇಟ್ಟು ಒರಗಲಿ. ಕಿರೀಟ ಹೊತ್ತ ಕುತ್ತಿಗೆಗೆ ದಿಂಬು ಇಲ್ಲದಿದ್ದರೆ ಎರಡು ದಿನ ತಿರುಗಿಸಲಿಕ್ಕಾಗುವುದಿಲ್ಲ. ಪ್ರತಿ ಎರಡು ಗಂಟೆಗೊಮ್ಮೆ ನಿಲ್ಲಿಸಿ, ಎಲ್ಲರೂ ಇಳಿದು ನಡೆಯಿರಿ. ಓಡಿಸುವವರಿಗೆ ಮಧ್ಯಾಹ್ನ ಊಟದ ಮೇಲೆ ಜೊಂಪು ಬಂದರೆ ಕಾಫಿ ಕುಡಿದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕಾಫಿ ಕೆಲಸ ಮಾಡಲು ಅಷ್ಟು ಹೊತ್ತು ಹೇಗೂ ಬೇಕು.

ಮರುದಿನಕ್ಕೆ ಹತ್ತಿರದ ಊರು

ಆಟದ ಮರುದಿನ ಹೊರಟರೆ ಒಂದೂವರೆ ಗಂಟೆಗಿಂತ ದೂರ ಬೇಡ. ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದೆ.

ನನ್ನ ಮೊದಲ ಆಯ್ಕೆ ನೀಲೇಶ್ವರದ ಹತ್ತಿರದ ಕೋಟ್ಟಪ್ಪುರಂನ ಹೌಸ್‌ಬೋಟ್. ವಲಿಯಪರಂಬ ಹಿನ್ನೀರಿನಲ್ಲಿ ಹಗಲಿಡೀ ನಿಧಾನ ಸುತ್ತುತ್ತದೆ. ಮಕ್ಕಳು ಬೋಟಿನ ಮುಂದೆ ಕೂತು ನೀರು, ದೋಣಿ, ತೆಂಗಿನ ತೋಟ ನೋಡುತ್ತಾರೆ. ಕಲಾವಿದರು ಒಳಗೆ ಮಲಗುತ್ತಾರೆ. ಊಟವೂ ಅಲ್ಲೇ. ಯಾರೂ ಯಾರಿಗೂ ತೊಂದರೆ ಕೊಡದ ಟೂರ್ ಅಂದರೆ ಇದು. ಖರ್ಚು ಸ್ವಲ್ಪ ಜಾಸ್ತಿ, ಹಾಗಾಗಿ ಎರಡು ಮನೆಯವರು ಸೇರಿ ಹೋಗಿ.

ಬೇಕಲ ಕೋಟೆಗೆ ಹೋಗುವವರು ಮಧ್ಯಾಹ್ನ ಹೋಗಬೇಡಿ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಿದ ಕೋಟೆ, ಸುಮಾರು 40 ಎಕರೆ ಬಯಲು, ನೆರಳು ಕಡಿಮೆ. ರಾತ್ರಿ ಎಚ್ಚರ ಇದ್ದವರಿಗೆ ಆ ಬಿಸಿಲಿನಲ್ಲಿ ತಲೆನೋವು ಖಂಡಿತ. ನಾಲ್ಕು ಗಂಟೆಗೆ ಸೇರುವ ಹಾಗೆ ಹೊರಡಿ, ಕತ್ತಲಾಗುವ ಮೊದಲೇ ಬಾಗಿಲು ಹಾಕುತ್ತಾರೆ. ಕೋಟೆ ನೋಡಿ ಪಕ್ಕದ ಬೀಚಿಗೆ ಹೋದರಾಯಿತು. ಕಾಸರಗೋಡಿನಿಂದ ಹೋಗುವಾಗ ಹೆದ್ದಾರಿ ಬಿಟ್ಟು ಚಂದ್ರಗಿರಿ ಸೇತುವೆಯ ಮೇಲಿನ ಕರಾವಳಿ ರಸ್ತೆ ಹಿಡಿಯಿರಿ. ಅದೇ ಹತ್ತಿರ.

ಉತ್ತರದ ಕಡೆಯಾದರೆ ಕುಂಬಳೆ ಹತ್ತಿರದ ಅನಂತಪುರ. ಕೆರೆಯ ನಡುವೆ ದೇವಸ್ಥಾನ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮಕ್ಕಳು ಈಗಲೂ ಅದನ್ನೇ ಕೇಳುತ್ತಾರೆ. ಮಧೂರು ದೇವಸ್ಥಾನ, ಅಲ್ಲಿನ ಅಪ್ಪ ಪ್ರಸಾದ ಯಾವಾಗಲೂ ಉಂಟು. ಸಂಜೆ ಗಾಳಿಗೆ ಪೊಸಡಿಗುಂಪೆ ಗುಡ್ಡ. ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟದ ಸಾಲು. ಆದರೆ ಮೇಲೆ ಹತ್ತಬೇಕು, ಮೊಣಕಾಲು ನೋವಿದ್ದವರು ಕೆಳಗೆ ಗಾಡಿಯಲ್ಲೇ ಕೂರಲಿ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಇದೆ. 1949ರಲ್ಲಿ ಆಗಿನ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. ಶಾಲೆಗೆ ಹೋಗುವ ಮಕ್ಕಳನ್ನು ಒಮ್ಮೆಯಾದರೂ ಕರೆದುಕೊಂಡು ಹೋಗಿ. ಗಡಿನಾಡಿನ ಮಕ್ಕಳು ಹಂಪಿ ನೋಡಿರುತ್ತಾರೆ, ಹತ್ತು ಮೈಲಿಯ ಈ ಮನೆ ನೋಡಿರುವುದಿಲ್ಲ.

ದೂರದ ದಾರಿ

ಮೈಸೂರಿಗೆ ನಮ್ಮ ದಾರಿ ಚೆರ್ಕಳ, ಬೋವಿಕ್ಕಾನ, ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರು. ಅಲ್ಲಿಂದ ಸುಳ್ಯ, ಸಂಪಾಜೆ, ಮಡಿಕೇರಿ. ಮಂಗಳೂರಿಗೆ ಹೋಗಿ ಸುತ್ತುವುದು ದಂಡ. ಸಂಪಾಜೆ ಘಾಟಿಯನ್ನು ಹಗಲಲ್ಲೇ ಮುಗಿಸಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದದ್ದು ನೆನಪಿರುವವರಿಗೆ ಮಳೆಗಾಲದ ಈ ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಿರುವಿನಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ. ಸುಳ್ಯದಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ. ಪುನರ್ಪುಳಿ ಶರಬತ್ತು, ಒಣ ಅವಲಕ್ಕಿ ಸಾಕು. ಊಟ ಮಡಿಕೇರಿಯಲ್ಲಿ.

ಕಾಞಂಗಾಡಿನಿಂದ ಪಾಣತ್ತೂರು, ಕರಿಕೆ ದಾಟಿ ಭಾಗಮಂಡಲಕ್ಕೆ ಇನ್ನೊಂದು ದಾರಿ ಉಂಟು. ತಲಕಾವೇರಿಗೆ ಹೋಗುವವರಿಗೆ ಬಹಳ ಚಂದದ ರಸ್ತೆ. ಕಾಡು, ಕಿರಿದು, ತಿರುವು ಜಾಸ್ತಿ, ಎಷ್ಟೋ ಕಡೆ ಫೋನ್ ಸಿಗುವುದಿಲ್ಲ. ಬೇಸಗೆಯಲ್ಲಿ, ಹಗಲಲ್ಲಿ, ಪೂರ್ತಿ ನಿದ್ದೆಯಾದವರು ಓಡಿಸುವುದಾದರೆ ಮಾತ್ರ. ದಾರಿಯಲ್ಲಿ ಪನತ್ತಡಿ ಕಡೆಯಿಂದ ರಾಣಿಪುರಂ ಬೆಟ್ಟಕ್ಕೆ ತಿರುಗಬಹುದು. ಮಳೆ ಶುರುವಾದರೆ ಅಲ್ಲಿ ಜಿಗಣೆ, ಉಪ್ಪಿನ ಪೊಟ್ಟಣ ಜೊತೆಗಿರಲಿ.

ಕಲಾವಿದರಿಗೆ ರಾತ್ರಿ ಪ್ರಯಾಣ ಹಿಡಿಸುತ್ತದೆ. ಅವರ ಗಡಿಯಾರವೇ ಹಾಗೆ, ಅಲ್ವಾ? ಆದರೆ ಕಾಡಿನ ಗೇಟಿಗೆ ಅದೆಲ್ಲ ಗೊತ್ತಿಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ 766 ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಎಚ್.ಡಿ. ಕೋಟೆಯಿಂದ ಬಾವಲಿ ಮೇಲೆ ಮಾನಂತವಾಡಿಗೆ ಬರುವ ರಸ್ತೆ ಸಂಜೆ 6ಕ್ಕೇ ಬಂದ್. ಮೈಸೂರಿನಿಂದ ವಯನಾಡು ಸುತ್ತಿ ಕಣ್ಣೂರಿನ ಮೇಲೆ ಊರಿಗೆ ಬರುವ ಯೋಚನೆ ಇದ್ದರೆ ಮಧ್ಯಾಹ್ನದೊಳಗೆ ಮೈಸೂರು ಬಿಡಿ. ತಡವಾದರೆ ಗೋಣಿಕೊಪ್ಪ, ಕುಟ್ಟ ದಾರಿ ನೆನಪಿರಲಿ.

ಹೆದ್ದಾರಿ 66ರ ವಿಷಯ ಬೇರೆಯೇ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥ ಆದ ಮೇಲೆ ಮಂಗಳೂರು ಹತ್ತಿರವಾಗಿದೆ. ಆದರೆ ಬೇಕಾದಲ್ಲಿ ತಿರುಗುವ ಹಾಗಿಲ್ಲ. ಕುಂಬಳೆಯಲ್ಲಿ ಅತ್ತೆಯನ್ನು ಹತ್ತಿಸಿಕೊಳ್ಳಬೇಕಾದರೆ ಯಾವ ಕಡೆಯಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕು ಎಂದು ಮೊದಲೇ ನೋಡಿಟ್ಟುಕೊಳ್ಳಿ. ತಪ್ಪಿದರೆ ಸುಮಾರು ಮುಂದೆ ಹೋಗಿ ಅಂಡರ್‌ಪಾಸ್ ಹುಡುಕಿ ಬರಬೇಕು. ತೆಂಕಿನ ಕಡೆ ಹೋಗುವವರು ಮಳೆಗಾಲದಲ್ಲಿ ಬೆಳಗ್ಗೆ ಸುದ್ದಿ ನೋಡಿ ಹೊರಡಿ. ಚೆರ್ವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ಹೆದ್ದಾರಿಗೇ ಜರಿದಿತ್ತು.

ಸ್ವಂತ ಗಾಡಿಗೆ ಗಡಿ ದಾಟಲು ಪರ್ಮಿಟ್ ಬೇಡ. ಬಾಡಿಗೆ ಟ್ರಾವೆಲರ್ ಮಾಡಿದರೆ ಬೇಕು. ಪರ್ಮಿಟ್, ತೆರಿಗೆ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಎಂದು ಮಾತಾಡುವಾಗಲೇ ಕೇಳಿ. ತಲಪಾಡಿಯಲ್ಲಿ ನಿಂತು ಕೇಳುವ ಪ್ರಶ್ನೆ ಅಲ್ಲ ಅದು.

ಡಿಕ್ಕಿಯಲ್ಲಿ ಏನಿರಬೇಕು, ಏನಿರಬಾರದು

ಆಟ ಮುಗಿಸಿ ಚೌಕಿಯಿಂದಲೇ ಟೂರಿಗೆ ಹೊರಡುವವರು ಇದ್ದಾರೆ. ಬಾಡಿಗೆಗೆ ತಂದ ವೇಷಭೂಷಣ ಇದ್ದರೆ ಅದನ್ನು ವಾಪಸ್ ಕೊಟ್ಟೇ ಮುಂದಿನ ಮಾತು. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಕಿರೀಟದ ಅಂಟು ಬಿಡುತ್ತದೆ, ಮಣಿ ಉದುರುತ್ತದೆ. ಬೆವರಿದ ಬಟ್ಟೆ ಮುಚ್ಚಿದ ಡಿಕ್ಕಿಯಲ್ಲಿ ಎರಡು ದಿನ ಇದ್ದರೆ ಆ ವಾಸನೆ ಗಾಡಿ ಮಾರುವವರೆಗೂ ಹೋಗುವುದಿಲ್ಲ. ಸ್ವಂತದ ಗೆಜ್ಜೆ, ಬಣ್ಣದ ಪೆಟ್ಟಿಗೆ ಮಾತ್ರ ಇರಲಿ. ಬಣ್ಣದ ಪೆಟ್ಟಿಗೆಯನ್ನು ಒಂದು ಪ್ಲಾಸ್ಟಿಕ್ ಡಬ್ಬದೊಳಗೆ ಇಡಿ. ಇಂಗಳಿಕ (ವೇಷದ ಕೆಂಪು ಬಣ್ಣ) ಸೀಟಿಗೆ ಚೆಲ್ಲಿದರೆ ಅದನ್ನು ತೆಗೆಯುವ ಸೋಪು ಇನ್ನೂ ಹುಟ್ಟಿಲ್ಲ.

ಇವುಗಳ ಬದಲು ಇರಬೇಕಾದ್ದು: ತೆಂಗಿನೆಣ್ಣೆ, ಕಡ್ಲೆಹಿಟ್ಟು, ಹಳೆಯ ಹತ್ತಿ ಪಂಚೆಯ ತುಂಡು, ನೋವಿನ ಎಣ್ಣೆ, ಮೊಣಕಾಲಿಗೆ ಪಟ್ಟಿ, ಬಿಸಿನೀರಿನ ಫ್ಲಾಸ್ಕ್. ಬಿಸಿನೀರು ಕಂಠಕ್ಕೆ. ಎರಡು ದಿನದಲ್ಲಿ ಮತ್ತೆ ಅರ್ಥ ಹೇಳಬೇಕಾದವರು ಎ.ಸಿ. ಗಾಳಿ ನೇರ ಮುಖಕ್ಕೆ ಬರದ ಹಾಗೆ ತಿರುಗಿಸಿಕೊಳ್ಳಬೇಕು. ಗಾಜು ಇಳಿಸಿ ಗಾಳಿಗೆ ಎದುರಾಗಿ ಗಟ್ಟಿಯಾಗಿ ಮಾತಾಡುವುದು ಅದಕ್ಕಿಂತಲೂ ಕೆಟ್ಟದ್ದು.

ಗಾಡಿಯೊಳಗಿನ ಅಭ್ಯಾಸ

ಟೂರಿನಲ್ಲಿ ಪ್ರಸಂಗದ (ಆಟದ ಕಥೆಯ) ಮಾತು ಬೇಡ ಎಂದು ಕೆಲವರು ಕಾನೂನು ಮಾಡುತ್ತಾರೆ. ಸುಮ್ನೆ. ಅದು ನಡೆಯುವುದಿಲ್ಲ. ಮುಂದಿನ ವಾರ ಆಟ ಇದ್ದವರ ತಲೆಯಲ್ಲಿ ಪದ ಓಡುತ್ತಲೇ ಇರುತ್ತದೆ. ಅದಕ್ಕೆ ಒಂದು ಜಾಗ ಕೊಡಿ, ಉಳಿದ ಹೊತ್ತು ಕೇಳಿ ಪಡೆಯಿರಿ.

ನಮ್ಮಲ್ಲಿ ನೇರ ರಸ್ತೆಯಲ್ಲಿ ಅರ್ಧ ಗಂಟೆ ಪ್ರಸಂಗದ ಪದ, ಆಮೇಲೆ ಅರ್ಧ ಗಂಟೆ ಮಕ್ಕಳ ಪಾಳಿ. ಘಾಟಿಯಲ್ಲಿ ಏನೂ ಇಲ್ಲ, ಓಡಿಸುವವರಿಗೆ ನಿಶ್ಶಬ್ದ ಬೇಕು. ಯಕ್ಷಗಾನದಲ್ಲಿ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಪದ ಕೇಳಿ, ಅರ್ಥವನ್ನು ತಾವೇ ಕಟ್ಟಬೇಕು. ಹಾಗಾಗಿ ಪದ ಕೇಳುವುದೇ ಅರ್ಧ ಕೆಲಸ. ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣದ ಪದಗಳನ್ನು ಅವನ ಊರು ಕುಂಬಳೆ ದಾಟುವಾಗ ಹಾಕಿದರೆ ಮಕ್ಕಳು ಕಿವಿ ಕೊಡುತ್ತಾರೆ. "ಇವ ಇಲ್ಲಿಯವನಾ ಅಪ್ಪ?" ಎಂದು ಕೇಳುತ್ತಾರೆ. ಆಮೇಲೆ ರಾವಣ ಯಾಕೆ ಹಾಗೆ ಮಾಡಿದ, ವಾಲಿಯದ್ದು ತಪ್ಪಾ ಎಂದು ವಾದ ಶುರು. ಅರ್ಥಧಾರಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಹತ್ತು ವರ್ಷದ ಮಗು ಕೇಳುವ ಪ್ರಶ್ನೆಗೆ ತಯಾರಿ ಮಾಡಿದವರನ್ನು ಎದುರು ಅರ್ಥಧಾರಿ ಸುಲಭದಲ್ಲಿ ಕಟ್ಟಿಹಾಕಲಾರ.

ನಾಟಕದ ಮಾತು ಬಾಯಿಪಾಠಕ್ಕೂ ಗಾಡಿ ಒಳ್ಳೆಯ ಜಾಗ. ಮಗಳ ಕೈಗೆ ಪ್ರತಿ ಕೊಟ್ಟು ಎದುರು ಪಾತ್ರದ ಮಾತು ಓದಿಸಿ. ಆದರೆ ಸ್ಟೇರಿಂಗ್ ಹಿಡಿದವರು ಬಾಯಿಪಾಠ ಮಾಡಬಾರದು. ಮಾತು ಮರೆತ ಕ್ಷಣ ಕಣ್ಣು ಮೇಲೆ ಹೋಗುತ್ತದೆ.

ಆಟಕ್ಕೇ ಎಲ್ಲರೂ ಹೋಗುವುದಾದರೆ

ದೂರದ ಊರಿಗೆ ಆಟಕ್ಕೆ ಕರೆದರೆ ಅದನ್ನೇ ಟೂರ್ ಮಾಡುವುದು ಖರ್ಚಿಗೆ ಒಳ್ಳೆಯದು. ಇದಕ್ಕೆ ಒಂದು ಷರತ್ತು: ಆಟದ ಹಿಂದಿನ ದಿನ ತಿರುಗಬೇಡಿ. ಹಿಂದಿನ ದಿನ ಹೋಗಿ ಸೇರಿ, ಮಲಗಿ. ಊರು ನೋಡುವುದೆಲ್ಲ ಆಟದ ನಂತರದ ಎರಡನೆಯ ದಿನ.

ಸಂಘಟಕರ ಹತ್ತಿರ ಮೊದಲೇ ಹೇಳಿ: ನಮ್ಮ ಜೊತೆ ಇಷ್ಟು ಮಂದಿ ಇದ್ದಾರೆ, ರೂಮ್ ನಾವೇ ಮಾಡಿಕೊಳ್ಳುತ್ತೇವೆ, ಊಟ ಮಾತ್ರ ನಿಮ್ಮಲ್ಲಿ. ಹೇಳದೆ ಐದು ಜನ ಹೋಗಿ ಇಳಿದರೆ ಮುಜುಗರ ಎರಡೂ ಕಡೆಗೆ. ಚಿಕ್ಕ ಮಕ್ಕಳನ್ನು ಚೌಕಿಗೆ ಕರೆದುಕೊಂಡು ಹೋಗುವುದಾದರೆ ಚೌಕಿ ಪೂಜೆಯ ಹೊತ್ತಿಗೆ ಹೋಗಿ, ನಮಸ್ಕಾರ ಮಾಡಿಸಿ, ಹೊರಗೆ ತನ್ನಿ. ಬಣ್ಣ ಹಚ್ಚುವಾಗ ಅಪ್ಪನ ಹೆಗಲಿಗೆ ಹತ್ತಿದರೆ ಅಪ್ಪನಿಗೂ ತೊಂದರೆ, ಪಕ್ಕದವರಿಗೂ ತೊಂದರೆ.

ನಾಟಕದವರಿಗೆ ಹೆಗ್ಗೋಡು, ಮೈಸೂರು ಎರಡೂ ಚಂದದ ಊರುಗಳು. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ ಹುಟ್ಟಿದ್ದು, ಮೈಸೂರಿನ ರಂಗಾಯಣ 1989ರಲ್ಲಿ. ಹೆಗ್ಗೋಡಿಗೆ ಹೋದವರು ಜೋಗ ನೋಡಿಬರಬಹುದು, ಮೈಸೂರಿನಲ್ಲಿ ನಾಟಕ ಸಂಜೆಗೆ, ಹಗಲು ಮಕ್ಕಳಿಗೆ ಮೃಗಾಲಯ. ನಾಟಕ ನೋಡಲು ಹೋದ ನಟನನ್ನು ಆಮೇಲೆ ಎರಡು ಗಂಟೆ ಮಾತಾಡಲು ಬಿಡಿ. ಆ ರಾತ್ರಿ ಬೇಗ ಊಟಕ್ಕೆ ಬರುತ್ತಾರೆ ಎಂದು ಕಾಯಬೇಡಿ, ಮಕ್ಕಳಿಗೆ ಬಡಿಸಿ.

ದುಡ್ಡು

ಮೇಳದವರಿಗೆ ಮಳೆಗಾಲದಲ್ಲಿ ಸಂಬಳ ಇಲ್ಲ. ಚಿಕ್ಕಮೇಳ (ಸಣ್ಣ ತಂಡ) ಕಟ್ಟಿ ಮನೆಮನೆಗೆ ಹೋಗುವವರು, ತೋಟದ ಕೆಲಸ ಮಾಡುವವರು ಇದ್ದಾರೆ. ಹವ್ಯಾಸಿಗಳಿಗೆ ಸಂಭಾವನೆ ಬರುವುದೂ ಒಂದೊಂದು ಸಲ ಒಂದೊಂದು ಥರ. ಹಾಗಾಗಿ ತಿಂಗಳ ಲೆಕ್ಕದಲ್ಲಿ ಟೂರಿಗೆ ಇಡುತ್ತೇನೆ ಅನ್ನುವುದು ಆಗದ ಮಾತು. ಆಟದ ಲೆಕ್ಕದಲ್ಲಿ ಇಡಿ. ಪ್ರತಿ ಆಟದ ಲಕೋಟೆ ಮನೆಗೆ ಬಂದ ಕೂಡಲೇ ಹತ್ತರಲ್ಲಿ ಒಂದು ಭಾಗ ಬೇರೆ ಡಬ್ಬಕ್ಕೆ. ಎಣಿಸುವುದು ರೂಮ್ ಬುಕ್ ಮಾಡುವ ಮೊದಲು. ಎಷ್ಟಿದೆಯೋ ಅಷ್ಟು ದೂರ ಹೋಗುವುದು. ಕಡಿಮೆ ಇದ್ದರೆ ಕೊಡಗಿನ ಬದಲು ರಾಣಿಪುರಂ. ಮಕ್ಕಳಿಗೂ ಈ ಲೆಕ್ಕ ಗೊತ್ತಿರಲಿ. ಆಗ "ಆಟ ಉಂಟು" ಅನ್ನುವ ಮಾತಿಗೆ ಅವರ ಮುಖ ಅಷ್ಟು ಬಾಡುವುದಿಲ್ಲ.

ಟ್ಯಾಂಕ್ ತುಂಬಿಸುವುದನ್ನೂ ಯೋಚಿಸಿ ಮಾಡಿ. ಪೆಟ್ರೋಲ್ ಕೇರಳಕ್ಕಿಂತ ಕರ್ನಾಟಕದಲ್ಲಿ ಅಗ್ಗ. ಮಂಗಳೂರು ಅಥವಾ ಸುಳ್ಯದ ಕಡೆ ಹೊರಟರೆ ಗಡಿ ದಾಟುವಷ್ಟು ಮಾತ್ರ ಇಟ್ಟುಕೊಂಡು ಹೋಗಿ ಆಚೆ ಹಾಕಿಸಿ. ವಾಪಸ್ ಬರುವಾಗ ಮತ್ತೆ ಅಲ್ಲೇ ಪೂರ್ತಿ ಮಾಡಿಸಿ. ಕಣ್ಣೂರಿನ ಆಚೆ ಹೋಗುವವರಿಗೆ ಮಾಹೆಯಲ್ಲಿ ಇನ್ನೂ ಅಗ್ಗ, ಆದರೆ ಬಂಕಿನ ಎದುರು ಸಾಲು ಉದ್ದ ಇರುತ್ತದೆ. ಅಲ್ಲಿ ಅರ್ಧ ಗಂಟೆ ಜಾಸ್ತಿ ಹಿಡಿದುಕೊಂಡೇ ಹೊರಡಿ.